ಸಮವಸ್ತ್ರ ತೊಟ್ಟವರನ್ನು ಭಯೋತ್ಪಾದಕರೆನ್ನಬಹುದೇ?

ಮುಂಡರಗಿಯಿಂದ ಕೊಪ್ಪಳಕ್ಕೆ ಬಸ್ಸಿನಲ್ಲಿ ಹೋಗುವವರಿಗೆ ಗದಗ ಜಿಲ್ಲೆ ಎಲ್ಲಿ ಮುಗಿಯಿತು, ಕೊಪ್ಪಳ ಜಿಲ್ಲೆ ಎಲ್ಲಿ ಶುರುವಾಯಿತು ಎಂಬುದು ರಸ್ತೆ ಬದಿಯ ಫಲಕ ನೋಡಿದರಷ್ಟೇ ತಿಳಿಯುತ್ತದೆ. 1948ರ ಸೆಪ್ಟೆಂಬರ್‌ವರೆಗೆ ಹೀಗಿರಲಿಲ್ಲ. ಗದಗ-ಬೆಟಗೇರಿ ಮತ್ತು ಮುಂಡರಗಿ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದು, ಅದೇ ವರ್ಷದ ಮಾರ್ಚ್‌ನಲ್ಲಿ ಮುಂಬೈ ಪ್ರಾಂತದಲ್ಲಿ ವಿಲೀನವಾಗಿದ್ದವು. ಕೊಪ್ಪಳ ಮಾತ್ರ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಡುವೆ ಕರೋಡಗಿರಿ ನಾಕಾಗಳು, ಪೊಲೀಸ್ ಠಾಣೆಗಳು, ಬಂದೂಕುಗಳು.

ಈ ಗಡಿಯ ಎರಡೂ ಬದಿಗೆ ಆಗ ಶಸ್ತ್ರ ಹಿಡಿದವರಿದ್ದರು. ಒಂದು ಬದಿಯವರು ವೀರರೆಂದು ಕರೆದವರನ್ನು ಇನ್ನೊಂದು ಬದಿಯವರು ದರೋಡೆಕೋರರೆಂದು ಕಾಣುತ್ತಿದ್ದರು. ಅಂದಿನ ಪ್ರಶ್ನೆಯನ್ನು ಇಂದಿನ ಮಾತಿನಲ್ಲಿ ಕೇಳುವುದಾದರೆ ಅದು ಹೀಗಿದೆ: ಭಯೋತ್ಪಾದಕ ಎಂಬ ಹೆಸರು ಸರ್ಕಾರದ ವಿರುದ್ಧ ನಿಂತವರಿಗೆ ಮಾತ್ರ ಸಲ್ಲುವುದೇ? ಒಂದು ದೇಶದ ಸ್ವಂತ ಸೈನಿಕರಿಗೂ ಅದನ್ನು ಅನ್ವಯಿಸಬಹುದೇ?

ಮೊದಲು ಪದದ ಚರಿತ್ರೆ. ‘ಟೆರರಿಸ್ಟ್’ ಎಂಬ ಪದ ಹುಟ್ಟಿದ್ದು ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ. 1793-94ರಲ್ಲಿ ರೊಬೆಸ್ಪಿಯರ್ ಮತ್ತು ಅವನ ಸಂಗಡಿಗರು ಅಧಿಕಾರದಲ್ಲಿದ್ದಾಗ ಸಾವಿರಾರು ಜನರನ್ನು ಗಿಲೊಟಿನ್ ಯಂತ್ರಕ್ಕೆ ಕೊಟ್ಟರು. ಭಯವೇ ಅವರ ಆಡಳಿತದ ಸಾಧನವಾಗಿತ್ತು. ಅವರು ಪತನಗೊಂಡ ಮೇಲೆ ಜನ ಅವರನ್ನು ಆ ಹೆಸರಿನಿಂದ ಕರೆದರು. ಅಂದರೆ ಭಯೋತ್ಪಾದಕರೆಂದು ಮೊಟ್ಟಮೊದಲು ಹೆಸರು ಪಡೆದವರು ಸರ್ಕಾರ ನಡೆಸಿದವರೇ. ಸರ್ಕಾರದ ವಿರುದ್ಧ ಬಾಂಬು ಎಸೆಯುವವರಿಗೆ ಆ ಹೆಸರು ಅಂಟಿಕೊಂಡದ್ದು ಆಮೇಲೆ.

ನಮ್ಮ ಭಾಗದಲ್ಲಿ ಈ ಹೆಸರಿನ ಜಗಳ 1948ಕ್ಕಿಂತ ಹಳೆಯದು. 1857ರಲ್ಲಿ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ಧಿಕ್ಕರಿಸಿದ ಹಲಗಲಿಯ ಬೇಡರ ಮೇಲೆ ಬ್ರಿಟಿಷ್ ಸೇನೆ ಏರಿಹೋಗಿ ಊರಿಗೇ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಮರು ವರ್ಷ ಮುಂಡರಗಿ ಭೀಮರಾಯ ದಂಗೆಯೆದ್ದು, ಡಂಬಳದ ಖಜಾನೆ ವಶಪಡಿಸಿಕೊಂಡು, ಹಮ್ಮಿಗಿಯ ಕೆಂಚನಗೌಡನೊಡನೆ ಕೊಪ್ಪಳದ ಕೋಟೆ ಸೇರಿದ. 1858ರ ಜೂನ್ 1ರಂದು ಬ್ರಿಟಿಷ್ ಪಡೆ ಕೋಟೆಗೆ ನುಗ್ಗಿದಾಗ ಇಬ್ಬರೂ ಹೋರಾಡುತ್ತ ಮಡಿದರು. ಸರ್ಕಾರಿ ದಾಖಲೆಗಳಲ್ಲಿ ಇವರೆಲ್ಲ ಬಂಡಾಯಗಾರರು. ಊರು ಸುಟ್ಟವರು ಶಾಂತಿಪಾಲಕರು. ಜನರ ಲಾವಣಿ ಬೇರೆಯೇ ತೀರ್ಪು ಕೊಟ್ಟಿತು.

ಆದರೆ ಲಾವಣಿಯ ತೀರ್ಪನ್ನೂ ಪರೀಕ್ಷಿಸಬೇಕಾಗುತ್ತದೆ. ಅದೇ ಮೇ ತಿಂಗಳ ಕೊನೆಯಲ್ಲಿ ನರಗುಂದದ ಬಾಬಾಸಾಹೇಬನ ಪಡೆ ಸುರೇಬಾನದಲ್ಲಿ ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದು, ತಲೆಯನ್ನು ನರಗುಂದಕ್ಕೆ ತಂದು ತೂಗುಹಾಕಿತು. ಮ್ಯಾನ್ಸನ್ ಬಡಪಾಯಿ ಹಳ್ಳಿಗನಲ್ಲ, ದಂಗೆ ಅಡಗಿಸಲು ಹೊರಟಿದ್ದ ಅಧಿಕಾರಿ. ಅವನ ಮೇಲಿನ ದಾಳಿಯನ್ನು ಯುದ್ಧದ ಭಾಗವೆನ್ನಬಹುದು. ತಲೆ ತೂಗುಹಾಕಿದ್ದು ಮಾತ್ರ ನೋಡಿದವರಲ್ಲಿ ಭಯ ಹುಟ್ಟಿಸುವುದಕ್ಕೇ. ನಮ್ಮವರು ಮಾಡಿದರು ಎಂಬ ಕಾರಣಕ್ಕೆ ಕೃತ್ಯದ ಸ್ವರೂಪ ಬದಲಾಗುವುದಿಲ್ಲ.

ಈಗ 1948ಕ್ಕೆ ಬರೋಣ. ಭಾರತ ಸ್ವತಂತ್ರವಾದರೂ ಹೈದರಾಬಾದ್ ನಿಜಾಮರು ಒಕ್ಕೂಟ ಸೇರಲು ಒಪ್ಪಲಿಲ್ಲ. 1947ರ ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಬಿತ್ತು. ಆದರೆ ಸಂಸ್ಥಾನದೊಳಗೆ ಲಾತೂರಿನ ವಕೀಲ ಕಾಸಿಂ ರಜ್ವಿಯ ರಜಾಕಾರ ಪಡೆ ಬಲಿಯುತ್ತಿತ್ತು. ರಜಾಕಾರ ಎಂದರೆ ಸ್ವಯಂಸೇವಕ ಎಂದೇ ಅರ್ಥ. ಅವರು ನಿಜಾಮರ ಖಾಯಂ ಸೈನಿಕರಲ್ಲ. ಆದರೆ ಅವರಿಗೆ ಸಮವಸ್ತ್ರವಿತ್ತು, ಆಯುಧವಿತ್ತು, ಪೊಲೀಸರ ಬೆಂಬಲವಿತ್ತು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾ ಗ್ರಾಮದ ಮೇಲೆ ಅವರು ನಡೆಸಿದ ದಾಳಿಯಲ್ಲಿ ಸತ್ತವರು ಸುಮಾರು 200 ಮಂದಿ ಎಂದು ಹೇಳಲಾಗುತ್ತದೆ. ಅದೇ ಆಗಸ್ಟ್‌ನಲ್ಲಿ ರಜಾಕಾರರನ್ನು ಟೀಕಿಸಿ ಬರೆದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಹೈದರಾಬಾದಿನಲ್ಲಿ ಕೊಲೆಯಾದರು. ರಜಾಕಾರರ ಭಯ ಹಿಂದೂಗಳಿಗಷ್ಟೇ ಸೀಮಿತವಾಗಿರಲಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಹಳ್ಳಿ ಬಿಟ್ಟು ಓಡಿಬಂದವರಿಗೆ ಗಡಿಯ ಈಚೆಯ ಊರುಗಳು ಆಶ್ರಯ ಕೊಟ್ಟವು. ಇಲ್ಲಿಯೇ ಹೋರಾಟದ ಶಿಬಿರಗಳೂ ಎದ್ದವು. ಅಳವಂಡಿ ಶಿವಮೂರ್ತಿಸ್ವಾಮಿಗಳ ನಾಯಕತ್ವದಲ್ಲಿ ಮುಂಡರಗಿ ಶಿಬಿರ, ಪುಂಡಲೀಕಪ್ಪ ಜ್ಞಾನಮೋಠೆಯವರ ನಾಯಕತ್ವದಲ್ಲಿ ಗಜೇಂದ್ರಗಡ ಶಿಬಿರ. ಶಿಬಿರದ ತರುಣರು ಗಡಿ ದಾಟಿ ಕರೋಡಗಿರಿ ನಾಕಾಗಳನ್ನೂ ಪೊಲೀಸ್ ಠಾಣೆಗಳನ್ನೂ ಮುತ್ತಿ ಆಯುಧ ಕಿತ್ತುಕೊಳ್ಳುತ್ತಿದ್ದರು. ನಿಜಾಮ್ ಸರ್ಕಾರಕ್ಕೆ ಇದು ಪರರಾಜ್ಯದಿಂದ ನಡೆದ ದಾಳಿ. ನಮಗೆ ಅದು ವಿಮೋಚನಾ ಹೋರಾಟ. ಮುಂದೆ ಶಿವಮೂರ್ತಿಸ್ವಾಮಿಗಳು ಜನರ ಮತ ಪಡೆದು ಲೋಕಸಭೆಗೆ ಹೋದರು.

ಇಷ್ಟಾದರೂ ಶಿಬಿರಗಳನ್ನೂ ರಜಾಕಾರರನ್ನೂ ಒಂದೇ ತಕ್ಕಡಿಯಲ್ಲಿಟ್ಟೇ ತೂಗಬೇಕು. ತೂಗಬೇಕಾದದ್ದು ಧ್ವಜವನ್ನಲ್ಲ, ಗುರಿಯನ್ನು. ಠಾಣೆಯಲ್ಲಿ ಬಂದೂಕು ಹಿಡಿದು ನಿಂತ ಸಿಪಾಯಿಯನ್ನು ಎದುರಿಸುವುದು ಒಂದು. ಮನೆಯೊಳಗಿನ ನಿರಾಯುಧರನ್ನು ಕೊಂದು ಸುತ್ತಲಿನ ಹತ್ತು ಹಳ್ಳಿಗಳನ್ನು ನಡುಗಿಸುವುದು ಇನ್ನೊಂದು. ಎರಡನೆಯದನ್ನು ಯಾರು ಮಾಡಿದರೂ ಅದು ಭಯೋತ್ಪಾದನೆಯೇ.

ಇಲ್ಲಿಯವರೆಗಿನ ವಾದ ನಮಗೆ ಸುಲಭ. ಕಷ್ಟದ ಭಾಗ ಮುಂದಿದೆ.

1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಕದನವಿರಾಮ ಸಾರಿದರು. ಐದು ದಿನಗಳಲ್ಲಿ ಕೆಲಸ ಮುಗಿಯಿತು. ಜನ ನಿಟ್ಟುಸಿರು ಬಿಟ್ಟರು. ಆದರೆ ಆ ದಿನಗಳಲ್ಲೂ ನಂತರದ ವಾರಗಳಲ್ಲೂ ಹಲವೆಡೆ ಸೇಡಿನ ಹಿಂಸೆ ಭುಗಿಲೆದ್ದಿತು. ಇದನ್ನು ತಿಳಿಯಲು ಪ್ರಧಾನಿ ನೆಹರೂ ಅವರು ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮೊದಲಾದವರ ಸೌಹಾರ್ದ ನಿಯೋಗವನ್ನು ಕಳಿಸಿದರು. ನವೆಂಬರ್ ಕೊನೆಯಿಂದ ಡಿಸೆಂಬರ್ 21ರವರೆಗೆ ನಿಯೋಗ ಸಂಸ್ಥಾನದಲ್ಲಿ ಸುತ್ತಾಡಿತು. ಕನಿಷ್ಠ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು ಎಂಬುದು ಅದರ ಅಂದಾಜು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗ ಮತ್ತು ಬೀದರ್ ಸೇರಿದ್ದವು. ಸತ್ತವರಲ್ಲಿ ಬಹುತೇಕರು ಮುಸ್ಲಿಮರು. ರಜಾಕಾರರ ಪಾಪಕ್ಕೂ ಅವರಲ್ಲಿ ಅನೇಕರಿಗೂ ಸಂಬಂಧವೇ ಇರಲಿಲ್ಲ.

ವರದಿ ಸೇನೆಯ ಬಗ್ಗೆ ಎರಡು ಮಾತು ಹೇಳಿತು. ಅನೇಕ ಕಡೆ ಸೈನಿಕರು ಶಿಸ್ತಿನಿಂದ ನಡೆದುಕೊಂಡು ಮುಸ್ಲಿಮರನ್ನು ರಕ್ಷಿಸಿದರು ಎಂಬುದು ಒಂದು. ಕೆಲವು ಕಡೆ ಸೈನಿಕರೇ ಲೂಟಿಗೆ ಕುಮ್ಮಕ್ಕು ಕೊಟ್ಟರು, ಗಂಡಸರನ್ನು ಹೊರಗೆಳೆದು ಕೊಂದರು ಎಂಬುದು ಇನ್ನೊಂದು. ಅಂಕಿ ಅಂದಾಜಿನದು, ಅದರ ಬಗ್ಗೆ ವಾದವಿದೆ. ಸರ್ಕಾರ ಈ ವರದಿಯನ್ನು ಪ್ರಕಟಿಸಲೇ ಇಲ್ಲ. ಸಾರ್ವಜನಿಕರ ಓದಿಗೆ ಅದು ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಸಿಕ್ಕಿದ್ದು ದಶಕಗಳ ನಂತರ.

ಹಾಗಾದರೆ ಆ ಸೈನಿಕರನ್ನು ಏನೆಂದು ಕರೆಯಬೇಕು?

ಅಂತಾರಾಷ್ಟ್ರೀಯ ಕಾನೂನು ಸೈನಿಕರಿಗೆ ಬೇರೆ ದಾರಿ ಇಟ್ಟಿದೆ. ಭಯೋತ್ಪಾದಕ ಬಾಂಬ್ ದಾಳಿಗಳನ್ನು ಕುರಿತ ವಿಶ್ವಸಂಸ್ಥೆಯ 1997ರ ಒಪ್ಪಂದ, ಬೇರೆ ಅಂತಾರಾಷ್ಟ್ರೀಯ ನಿಯಮಗಳಿಗೆ ಒಳಪಟ್ಟ ಸೇನಾ ಕಾರ್ಯಾಚರಣೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಆ ಬೇರೆ ನಿಯಮಗಳಲ್ಲಿ ಮುಖ್ಯವಾದವು 1949ರ ಜಿನೀವಾ ಒಪ್ಪಂದಗಳು. ಭಾರತ ಅವುಗಳಿಗಾಗಿ 1960ರಲ್ಲಿ ಕಾಯ್ದೆಯನ್ನೇ ಮಾಡಿದೆ. ನಿರಾಯುಧರನ್ನು ಕೊಂದ ಸೈನಿಕ ಯುದ್ಧಾಪರಾಧಿ ಅಥವಾ ಕೊಲೆಗಾರ. ಈ ಹೆಸರುಗಳೇನೂ ಹಗುರವಲ್ಲ. ಭಯೋತ್ಪಾದನೆ ಎಂದರೇನು ಎಂಬ ಬಗ್ಗೆ ಎಲ್ಲ ದೇಶಗಳೂ ಒಪ್ಪಿದ ಸಮಗ್ರ ವ್ಯಾಖ್ಯೆ ಇಂದಿಗೂ ಇಲ್ಲ. 2019ರ ಏಪ್ರಿಲ್‌ನಲ್ಲಿ ಅಮೆರಿಕ ಇರಾನಿನ ಕ್ರಾಂತಿ ರಕ್ಷಣಾ ಪಡೆಯನ್ನೇ ಭಯೋತ್ಪಾದಕ ಸಂಘಟನೆಯೆಂದು ಸಾರಿತು. ಇರಾನ್ ಕೂಡಲೇ ಆ ಪ್ರದೇಶದಲ್ಲಿರುವ ಅಮೆರಿಕದ ಸೇನೆಗೆ ಅದೇ ಹೆಸರು ಹಚ್ಚಿತು. ಹೆಸರನ್ನು ಬೈಗುಳದಂತೆ ಬಳಸಿದರೆ ಆಗುವುದು ಇಷ್ಟೇ.

ಇಡೀ ಸೇನೆಗೆ ಈ ಪಟ್ಟ ಕಟ್ಟುವುದು ಅನ್ಯಾಯ. ಗುಲ್ಬರ್ಗದ ಯಾವುದೋ ಹಳ್ಳಿಯಲ್ಲಿ ಮುಸ್ಲಿಂ ಕುಟುಂಬಕ್ಕೆ ಕಾವಲು ನಿಂತ ಜವಾನನೂ ಅದೇ ಸಮವಸ್ತ್ರ ತೊಟ್ಟಿದ್ದ. ಹಾಗೆಂದು ಸಮವಸ್ತ್ರವೇ ಕ್ಷಮಾಪತ್ರವೂ ಆಗಬಾರದು. ಹೆಸರು ಅಂಟಬೇಕಾದದ್ದು ಕೃತ್ಯಕ್ಕೆ, ಅದನ್ನು ಮಾಡಿದವನಿಗೆ, ಮಾಡಿಸಿದವನಿಗೆ. ಅದು ಅಂಟುವುದಕ್ಕೆ ವಿಚಾರಣೆ ನಡೆಯಬೇಕು. ಕಾಸಿಂ ರಜ್ವಿಯನ್ನೂ ಶಿಕ್ಷಿಸಿದ್ದು ನ್ಯಾಯಾಲಯವೇ. ಬೀಬಿನಗರದ ದರೋಡೆ ಪ್ರಕರಣದಲ್ಲಿ ಜೈಲು ಕಂಡ ಅವನು 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ.

ನಮ್ಮ ಸೈನಿಕರ ಮೇಲಿನ ಆರೋಪಗಳಿಗೆ ಈ ದಾರಿ ಅಷ್ಟು ಸುಲಭವಾಗಿ ತೆರೆದಿಲ್ಲ. 1958ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ಜಾರಿಯಿರುವ ಕಡೆ, ಕೇಂದ್ರದ ಅನುಮತಿಯಿಲ್ಲದೆ ಸೈನಿಕರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಮಣಿಪುರದಲ್ಲಿ 1528 ಜನರನ್ನು ಕಾನೂನು ಮೀರಿ ಕೊಲ್ಲಲಾಗಿದೆ ಎಂಬ ಅರ್ಜಿಯ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ 2016ರ ಜುಲೈನಲ್ಲಿ, ಅತಿಯಾದ ಬಲಪ್ರಯೋಗ ಮಾಡಿದ ಪಡೆಗಳಿಗೆ ಸಂಪೂರ್ಣ ರಕ್ಷಣೆ ಇಲ್ಲ ಎಂದು ಹೇಳಿತು. ಸೇನೆಯ ಮಾನ ಉಳಿಯುವುದು ಇಂಥ ತೀರ್ಪು ಕಾರ್ಯರೂಪಕ್ಕೆ ಬಂದಾಗ. ವಿಚಾರಣೆಯೇ ಇಲ್ಲದಿದ್ದರೆ ತಪ್ಪು ಮಾಡಿದವನ ಮಸಿ ಮಾಡದವನಿಗೂ ಮೆತ್ತುತ್ತದೆ.

ಇದು ಪುಸ್ತಕದ ಪ್ರಶ್ನೆಯಷ್ಟೇ ಅಲ್ಲ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಗದಗಿನಲ್ಲಾಗಲಿ ಲಕ್ಷ್ಮೇಶ್ವರದಲ್ಲಾಗಲಿ ಒಂದೇ ಓಣಿಯಲ್ಲಿ ಇಬ್ಬರೂ ಬದುಕುತ್ತಾರೆ. ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಗಡಿಯಾಚೆಯ ಕೊಪ್ಪಳದಲ್ಲಿ ವಿಮೋಚನೆಯ ನೆನಪಿಗೆ ಧ್ವಜ ಏರುತ್ತದೆ. ಏರಲೇಬೇಕು, ಮುಂಡರಗಿ ಶಿಬಿರದ ತರುಣರ ಋಣ ದೊಡ್ಡದು. ಅಂದು ಗೋರ್ಟಾದಲ್ಲಿ ಸತ್ತವರನ್ನು ನೆನೆಯುವಾಗ, ಅದಾದ ಕೆಲವೇ ತಿಂಗಳಲ್ಲಿ ಬೀದರ್, ಗುಲ್ಬರ್ಗಗಳ ಹಳ್ಳಿಗಳಲ್ಲಿ ಸತ್ತವರನ್ನೂ ನೆನೆಯುವುದರಿಂದ ಧ್ವಜದ ಗೌರವವೇನೂ ಕುಂದುವುದಿಲ್ಲ.