ಕಂಪ್ಯೂಟರಿನ ಹಾಡು ನಡುಮನೆಗೆ ಬಂದ ಹಾದಿ

ಲ್ಯಾಪ್‌ಟಾಪಿನ ಅಂಚಿನಲ್ಲಿ ಇಯರ್‌ಫೋನ್ ಚುಚ್ಚುವ ಪುಟ್ಟ ದುಂಡು ತೂತು ಇರುತ್ತದಲ್ಲ, ಅದರ ವಂಶಾವಳಿ ಸುಮಾರು ನೂರೈವತ್ತು ವರ್ಷ ಹಳೆಯದು. ಅದು ಹುಟ್ಟಿದ್ದು ಸಂಗೀತಕ್ಕಾಗಿ ಅಲ್ಲ, ಟೆಲಿಫೋನಿಗಾಗಿ. 1878ರ ಹೊತ್ತಿಗೆ ಅಮೆರಿಕದಲ್ಲಿ ಟೆಲಿಫೋನ್ ವಿನಿಮಯ ಕೇಂದ್ರಗಳು ಶುರುವಾದಾಗ ಒಬ್ಬರ ಮನೆಯ ತಂತಿಯನ್ನು ಇನ್ನೊಬ್ಬರ ಮನೆಯ ತಂತಿಗೆ ಕೈಯಿಂದಲೇ ಸೇರಿಸಬೇಕಿತ್ತು. ಅದಕ್ಕಾಗಿ ಹಲಗೆಯ ತುಂಬ ಸಾಲು ಸಾಲು ತೂತುಗಳು, ಕೈಯಲ್ಲಿ ಬೆರಳುದ್ದದ ಲೋಹದ ಕಡ್ಡಿ. ಮೊದಮೊದಲು ಈ ಕೆಲಸಕ್ಕೆ ಹುಡುಗರನ್ನು ಇಟ್ಟಿದ್ದರು. ಅವರು ಗಿರಾಕಿಗಳ ಜೊತೆ ಒರಟಾಗಿ ಮಾತಾಡುತ್ತಿದ್ದರೆಂದು ಬಾಸ್ಟನ್ ನಗರದಲ್ಲಿ 1878ರ ಸೆಪ್ಟೆಂಬರ್ 1ರಂದು ಎಮ್ಮಾ ನಟ್ ಎಂಬ ಹೆಣ್ಣುಮಗಳನ್ನು ನೇಮಿಸಿದರು. ಜಗತ್ತಿನ ಮೊದಲ ಮಹಿಳಾ ಟೆಲಿಫೋನ್ ಆಪರೇಟರ್ ಎಂದು ಹೆಸರಾದವರು ಅವರೇ. ಮುಂದೆ ಆ ಹಲಗೆಗಳ ಮುಂದೆ ಸಾಲಾಗಿ ಕುಳಿತವರೆಲ್ಲ ಹೆಚ್ಚಾಗಿ ಹೆಂಗಸರೇ. ಅವರ ಕೈಯ ಕಾಲು ಇಂಚಿನ ಆ ಕಡ್ಡಿಯೇ ಟ್ರಾನ್ಸಿಸ್ಟರ್ ಕಾಲಕ್ಕೆ ಕುಗ್ಗಿ 3.5 ಮಿಲಿಮೀಟರ್ ಆಗಿ ನಮ್ಮ ಇಯರ್‌ಫೋನಿನ ತುದಿಗೆ ಬಂದು ಕುಳಿತಿದೆ.

ಕಂಪ್ಯೂಟರನ್ನು ಹೋಂ ಥಿಯೇಟರಿಗೆ ಜೋಡಿಸುವ ತೀರ ಸಾದಾ ತಂತಿಯ ಒಂದು ತುದಿ ಇದು. ಇನ್ನೊಂದು ತುದಿಯಲ್ಲಿ ಕೆಂಪು, ಬಿಳಿ ಬಣ್ಣದ ಎರಡು ಪಿನ್ನುಗಳಿರುತ್ತವೆ. ಅಂಗಡಿಯವರು ಅದನ್ನು ಆರ್‌ಸಿಎ ಎನ್ನುತ್ತಾರೆ. ಅದು ರೇಡಿಯೋ ಕಾರ್ಪೊರೇಷನ್ ಆಫ್ ಅಮೆರಿಕ ಎಂಬ ಕಂಪನಿಯ ಹೆಸರಿನ ಮೊದಲಕ್ಷರಗಳು ಎಂದು ಹೇಳುವವರು ಕಡಿಮೆ. 1930ರ ದಶಕದಲ್ಲಿ ಆ ಕಂಪನಿ ಈ ಪಿನ್ನನ್ನು ತಂದದ್ದು ಗ್ರಾಮಫೋನನ್ನು ರೇಡಿಯೋದ ಜೊತೆ ಜೋಡಿಸಲಿಕ್ಕೆ. ಗ್ರಾಮಫೋನಿನ ಹತ್ತಿರ ಹಾಡು ಇತ್ತು, ರೇಡಿಯೋದ ಹತ್ತಿರ ದನಿಯನ್ನು ದೊಡ್ಡದು ಮಾಡುವ ಯಂತ್ರವೂ ಸ್ಪೀಕರೂ ಇದ್ದವು. ನಡುವೆ ಒಂದು ತಂತಿ ಬೇಕಾಯಿತು. ಕಂಪ್ಯೂಟರ್ ಮತ್ತು ಹೋಂ ಥಿಯೇಟರ್ ನಡುವಿನ ಸಮಸ್ಯೆಯೂ ಅಕ್ಷರಶಃ ಇದೇ. ನನಗೆ ಇದು ಬಹಳ ಸೋಜಿಗ ಎನ್ನಿಸುತ್ತದೆ. ಒಂದು ತುದಿಯಲ್ಲಿ 1878, ಇನ್ನೊಂದು ತುದಿಯಲ್ಲಿ 1930ರ ದಶಕ, ನಡುವೆ ಒಂದೂವರೆ ಮೀಟರ್ ತಂತಿ, ಅದರೊಳಗೆ ಇವತ್ತು ಡೌನ್‌ಲೋಡ್ ಮಾಡಿದ ಹಾಡು.

ಆ ಗ್ರಾಮಫೋನಿನ ಮಾತು ಬಂದಾಗ ನಮ್ಮ ಕಡೆಯ ಇಬ್ಬರು ಹೆಂಗಸರನ್ನು ನೆನೆಯದೆ ಮುಂದೆ ಹೋಗಲಾರೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ತಟ್ಟೆಗಾಗಿ ಹಾಡಿದರು. ಮೂರು ನಿಮಿಷದಲ್ಲಿ ಖಯಾಲ್ ಮುಗಿಸಿ, ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ, ಅಲ್ಲಿನವರಿಗೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂದು ತಿಳಿಯಲಿ ಎಂದು. ಅವರ ಕೊನೆಯ ದಿನಗಳು ಕಳೆದದ್ದು ನಮ್ಮ ಮೈಸೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ. 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು.

ಇನ್ನೊಬ್ಬರು ನಮ್ಮ ಧಾರವಾಡ ಸೀಮೆಯ ಗಂಗೂಬಾಯಿ ಹಾನಗಲ್ಲರು. 1930ರ ದಶಕದಲ್ಲಿ ಅವರ ಮೊದಮೊದಲ ತಟ್ಟೆಗಳು ಬಂದಾಗ ಚೀಟಿಯ ಮೇಲೆ ಇದ್ದದ್ದು ಗಾಂಧಾರಿ ಎಂಬ ಹೆಸರು. ನಾವೆಲ್ಲ ಬಲ್ಲ ಗಂಗೂಬಾಯಿಯವರ ದನಿ ಗಂಡುದನಿಯಂಥ ಗಂಭೀರ ದನಿ. ಆದರೆ ಆ ಹಳೆಯ ತಟ್ಟೆಗಳಲ್ಲಿರುವುದು ತೆಳ್ಳಗಿನ, ಎತ್ತರದ ಹೆಣ್ಣುದನಿ. 1940ರ ದಶಕದ ಆರಂಭದಲ್ಲಿ ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿ ಅವರ ಕಂಠವೇ ಬದಲಾಯಿತು. ಹೋದ ದನಿ ಮತ್ತೆ ಬರಲಿಲ್ಲ. ಅವರು ಬಂದ ದನಿಯಲ್ಲೇ ಹಾಡಿ ದೊಡ್ಡವರಾದರು. ಆ ಮೊದಲ ದನಿಯನ್ನು ಇವತ್ತು ನಮಗೆ ಕೇಳಿಸುವುದು ಆ ಮೂರು ಮೂರು ನಿಮಿಷದ ತಟ್ಟೆಗಳು. ಯಾರೋ ಪುಣ್ಯಾತ್ಮರು ಅವನ್ನು ಕಂಪ್ಯೂಟರಿಗೆ ಇಳಿಸಿದ್ದರಿಂದ ಡೊಂಬಿವಲಿಯ ನನ್ನ ಎರಡು ಕೋಣೆಯ ಮನೆಗೂ ಅವು ಬಂದಿವೆ.

ಇನ್ನು ಕಂಪ್ಯೂಟರ್ ಹಾಡಲು ಕಲಿತ ಕಥೆ. 1951ರಲ್ಲೇ ಆಸ್ಟ್ರೇಲಿಯಾದಲ್ಲಿ ಮತ್ತು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಕೋಣೆ ತುಂಬುವಷ್ಟು ದೊಡ್ಡ ಕಂಪ್ಯೂಟರುಗಳು ಸರಳ ಧಾಟಿಗಳನ್ನು ಪೀಪಿಯಂತೆ ಊದಿದ್ದವು. 1957ರಲ್ಲಿ ಬೆಲ್ ಲ್ಯಾಬ್ಸಿನ ಮ್ಯಾಕ್ಸ್ ಮ್ಯಾಥ್ಯೂಸ್ ಐಬಿಎಂ 704 ಎಂಬ ಯಂತ್ರದಿಂದ 17 ಸೆಕೆಂಡಿನ ಒಂದು ತುಣುಕು ನುಡಿಸಿದರು. ಅದಾದ ಮೇಲೆಯೂ ಬಹುಕಾಲ ಮನೆಯ ಕಂಪ್ಯೂಟರಿಗೆ ಟೀಂ ಎಂದು ಕೂಗುವುದರ ಹೊರತು ಬೇರೆ ದನಿ ಇರಲಿಲ್ಲ. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿ ಸೌಂಡ್ ಬ್ಲಾಸ್ಟರ್ ಎಂಬ ಕಾರ್ಡನ್ನು ತಂದಿತು. 1982ರಲ್ಲಿ ಬಂದಿದ್ದ ಸಿಡಿಗಳು ಮುಂದೆ ಕಂಪ್ಯೂಟರಿನೊಳಗೂ ಓಡತೊಡಗಿದವು. ಕಂಪ್ಯೂಟರಿನ ಹಿಂಬದಿಯಲ್ಲಿ ಬಣ್ಣದ ತೂತುಗಳು ಬಂದವು. ಎಳೆ ಹಸಿರು ಸ್ಪೀಕರಿಗೆ, ಗುಲಾಬಿ ಮೈಕಿಗೆ, ತಿಳಿ ನೀಲಿ ಹೊರಗಿನ ದನಿ ಒಳಗೆ ಬರಲಿಕ್ಕೆ. ಈ ತಿಳಿ ನೀಲಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಂಪಿಥ್ರೀಯ ಕಥೆಯಲ್ಲೂ ಒಬ್ಬ ಹೆಣ್ಣುಮಗಳಿದ್ದಾರೆ. ಒಂದು ನಿಮಿಷದ ಸಿಡಿ ಸಂಗೀತ ಸುಮಾರು 10 ಎಂಬಿ ಜಾಗ ತಿನ್ನುತ್ತದೆ. ಅದನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸುವ ಉಪಾಯವನ್ನು ಜರ್ಮನಿಯ ಕಾರ್ಲ್‌ಹೈಂಜ್ ಬ್ರಾಂಡೆನ್‌ಬರ್ಗ್ ಮತ್ತು ಸಂಗಡಿಗರು ಹುಡುಕುತ್ತಿದ್ದರು. ಕಿವಿಗೆ ಕೇಳಿಸದೆ ಹೋಗುವ ಅಂಶಗಳನ್ನು ಬಿಟ್ಟುಬಿಡುವುದೇ ಆ ಉಪಾಯ. ವಾದ್ಯಗಳ ಗದ್ದಲ ಇರುವ ಹಾಡುಗಳಲ್ಲಿ ತಪ್ಪುಗಳು ಮುಚ್ಚಿಹೋಗುತ್ತಿದ್ದವು. ಆದರೆ ಸುಝಾನ್ ವೇಗಾ ಅವರು ಯಾವ ವಾದ್ಯವೂ ಇಲ್ಲದೆ ಒಂಟಿಯಾಗಿ ಹಾಡಿದ ಟಾಮ್ಸ್ ಡೈನರ್ ಎಂಬ ಹಾಡನ್ನು ಹಾಕಿದಾಗ ದನಿ ಕೆಟ್ಟು ಕೇಳಿಸಿತು. ಆ ಒಂದು ದನಿ ನೆಟ್ಟಗಾಗುವ ತನಕ ತಿದ್ದಿ ತಿದ್ದಿ ಕೆಲಸ ಮಾಡಿದರು. ಹೀಗಾಗಿ ಅವರನ್ನು ಎಂಪಿಥ್ರೀಯ ತಾಯಿ ಎಂದು ಕರೆಯುತ್ತಾರೆ. ತಬಲಾ, ಪೇಟಿ ಯಾವುದೂ ಇಲ್ಲದೆ ಹಸೆಯ ಹಾಡು ಹಾಡುವ ನಮ್ಮ ಹೆಂಗಸರ ದನಿಯೂ ಇಂಥದೇ ಒಂಟಿ ದನಿ. ಅದಕ್ಕೇ ನಾನು ಮನೆಯ ಹಾಡುಗಳನ್ನು ಇಳಿಸುವಾಗ ಮೊದಲ ಪ್ರತಿಯನ್ನು ಎಂಪಿಥ್ರೀ ಮಾಡುವುದಿಲ್ಲ. ಜಾಗ ಹೋದರೆ ಹೋಗಲಿ, ಪೂರ್ತಿಯಾಗಿಯೇ ಇಡುತ್ತೇನೆ.

ಹೋಂ ಥಿಯೇಟರ್ ಬೇರೆ ಬೀದಿಯಿಂದ ಬಂದದ್ದು. ಅದು ಸಿನಿಮಾದ ಕೂಸು. 1992ರಲ್ಲಿ ಡಾಲ್ಬಿ ಡಿಜಿಟಲ್ ಚಿತ್ರಮಂದಿರಕ್ಕೆ ಬಂತು, 1996ರಲ್ಲಿ ಡಿವಿಡಿ ಬಂತು, ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರ್ ಮನೆಗೆ ಬಂದವು. ನಮ್ಮ ಯಜಮಾನರೂ ಮಗನೂ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಒಂದು ಸೆಟ್ ಹೊತ್ತು ತಂದರು. ಲೋಕಲ್ ಟ್ರೇನಿನಲ್ಲಿ ಸಬ್‌ವೂಫರ್ ತಂದ ಸಾಹಸವನ್ನು ಇವತ್ತಿಗೂ ಹೇಳುತ್ತಾರೆ. ಮುಂಬಯಿಯ ಮನೆಗೆ ಐದು ಮೂಲೆ ಎಲ್ಲಿಂದ ಬರಬೇಕು? ಹಿಂದಿನ ಎಡ ಸ್ಪೀಕರ್ ದೇವರ ಗೂಡಿನ ಮೇಲೆ, ಬಲದ್ದು ಫ್ರಿಜ್ಜಿನ ಮೇಲೆ. ಸಿನಿಮಾದಲ್ಲಿ ಕುದುರೆ ಓಡಿದರೆ ಫ್ರಿಜ್ಜಿನಿಂದ ದೇವರ ಗೂಡಿಗೆ ಓಡುತ್ತಿತ್ತು. ಗಂಡಸರಿಗೆ ಖುಷಿಯೋ ಖುಷಿ. ನಾನೂ ನಮ್ಮ ಅತ್ತೆಯವರೂ ಮಾತ್ರ ಅಡುಗೆಮನೆಯ ಸಣ್ಣ ರೇಡಿಯೋದಲ್ಲೇ ಇದ್ದೆವು. ಯಾವ ಮನೆಯಲ್ಲಿ ನೋಡಿದರೂ ದೊಡ್ಡ ದನಿಯ ಯಂತ್ರದ ರಿಮೋಟ್ ಯಾರ ಕೈಯಲ್ಲಿರುತ್ತದೆ ಎಂಬುದು ನಿಮಗೂ ಗೊತ್ತು.

ನಾನು ಅದಕ್ಕೆ ಲ್ಯಾಪ್‌ಟಾಪ್ ಜೋಡಿಸಿದ ದಿನ ಮೊದಲು ಕೇಳಿಸಿದ್ದು ಹಾಡಲ್ಲ, ಜೀರುಂಡೆಯ ಹಾಗೆ ಒಂದೇ ಸಮ ಗುಂಯ್ ಎನ್ನುವ ಸದ್ದು. ಇದು ಎಷ್ಟೋ ಮನೆಗಳಲ್ಲಿ ಆಗುವಂಥದ್ದು, ಕಾರಣ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪಿನ ಚಾರ್ಜರಿಗೆ ಗೋಡೆಯ ಮೂರನೆಯ ಪಿನ್ನಿನಿಂದ ಒಂದು ಅರ್ಥಿಂಗ್ ಸಿಗುತ್ತದೆ. ಹೋಂ ಥಿಯೇಟರಿಗೆ ಟಿವಿಯ ಕೇಬಲ್ಲಿನ ಮೂಲಕ ಎಲ್ಲೋ ಗಚ್ಚಿಯ ಮೇಲಿನ ಇನ್ನೊಂದು ಅರ್ಥಿಂಗ್. ಎರಡೂ ಒಂದೇ ಮಟ್ಟದಲ್ಲಿ ಇರುವುದಿಲ್ಲ. ನಡುವೆ ನಾವು ಹಾಕಿದ ತಂತಿಯಲ್ಲೇ ಸಣ್ಣ ವಿದ್ಯುತ್ತು ಹರಿದು, ನಮ್ಮ ದೇಶದ 50 ಹರ್ಟ್ಝ್ ಕರೆಂಟು ಸ್ಪೀಕರಿನಲ್ಲಿ ಗುಂಯ್‌ಗುಡುತ್ತದೆ. ಚಾರ್ಜರ್ ಕಿತ್ತು ಬರೀ ಬ್ಯಾಟರಿಯಲ್ಲಿ ಓಡಿಸಿದಾಗ ಸದ್ದು ನಿಂತರೆ ಇದೇ ಕಾರಣವೆಂದು ತಿಳಿಯಿರಿ. ಕೆಲವರು ಅರ್ಥ್ ಪಿನ್ನನ್ನೇ ಮುರಿದು ಹಾಕಲು ಹೇಳುತ್ತಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ, ಜೀವಕ್ಕೆ ಅಪಾಯ.

ಇದಕ್ಕೆ ಮದ್ದು 1983ರಲ್ಲೇ ತಯಾರಾಗಿತ್ತು. ಜಪಾನಿನ ತೋಶಿಬಾ ಕಂಪನಿ ಸಿಡಿ ಪ್ಲೇಯರಿನಿಂದ ಸಂಗೀತವನ್ನು ಬೆಳಕಿನಲ್ಲಿ ಕಳಿಸುವ ತಂತಿ ಮಾಡಿತ್ತು. ತಾಮ್ರವೇ ಇಲ್ಲದ ಮೇಲೆ ಗುಂಯ್ ಎಲ್ಲಿಂದ ಬರಬೇಕು? ನನ್ನ ಲ್ಯಾಪ್‌ಟಾಪಿಗೆ ಆ ತೂತು ಇರಲಿಲ್ಲ. ಯುಎಸ್‌ಬಿಗೆ ಹಾಕುವ, ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ತಂದು ಜೋಡಿಸಿದೆ. ತಂತಿಯ ತುದಿಯಲ್ಲಿ ಕುಂಕುಮದ ಬೊಟ್ಟಿನಂಥ ಕೆಂಪು ಬೆಳಕು. ಅತ್ತೆಯವರು ಬಗ್ಗಿ ನೋಡಿದರು.

"ಬೆಳಕಿನ್ಯಾಗ ಹಾಡು ಹೋಗ್ತದಂದ್ರ ನಂಬಬೇಕೇನs ನಾ?"

"ನಂಬಬ್ಯಾಡ್ರಿ ಅತ್ತಿ, ಕೇಳ್ರಿ" ಎಂದೆ. ಗಾಂಧಾರಿಯ ತಟ್ಟೆಯನ್ನೇ ಹಾಕಿದೆ.

ಇಲ್ಲೊಂದು ಮಾತು. ಹೋಂ ಥಿಯೇಟರಿನಲ್ಲಿ ಹಾಲ್, ಸ್ಟೇಡಿಯಂ ಎಂಬೆಲ್ಲ ಗುಂಡಿಗಳಿರುತ್ತವೆ. ಹಳೆಯ ತಟ್ಟೆಗೆ ಅವನ್ನು ಒತ್ತಿದರೆ ಬಾವಿಯೊಳಗಿಂದ ಹಾಡಿದ ಹಾಗಾಗುತ್ತದೆ. ಸಿನಿಮಾದ ಗುಂಡಿ ಒತ್ತಿದರೆ ದನಿಯೆಲ್ಲ ಟಿವಿಯ ಕೆಳಗಿನ ನಡುವಿನ ಸ್ಪೀಕರಿಗೆ ಹೋಗಿ ಅವಿತುಕೊಳ್ಳುತ್ತದೆ. ಸ್ಟೀರಿಯೋ ಎಂದು ಇಟ್ಟು ಮುಂದಿನ ಎರಡೇ ಸ್ಪೀಕರಿನಲ್ಲಿ ಕೇಳಿ. ಎರಡರಲ್ಲೂ ಒಂದೇ ದನಿ ಬರುವುದರಿಂದ ಹಾಡುವವರು ನಟ್ಟನಡುವೆ ಕುಳಿತಂತೆ ಅನ್ನಿಸುತ್ತದೆ. ಐದು ಸ್ಪೀಕರಿಗೆ ದುಡ್ಡು ಕೊಟ್ಟು ಎರಡರಲ್ಲೇ ಕೇಳುವುದೇ ಎಂದು ನಮ್ಮವರು ಕೇಳಿದರು. ಕೊಟ್ಟವರು ನೀವು, ಕೇಳುವವರು ನಾವು ಎಂದು ಹೇಳಿದೆ.

ಈಗ ತಂತಿಯೇ ಬೇಡ, ಬ್ಲೂಟೂತ್ ಸಾಕು ಎನ್ನುವವರಿದ್ದಾರೆ. ಹಾಲಿವುಡ್ ನಟಿ ಹೆಡಿ ಲಾಮಾರ್ ಬ್ಲೂಟೂತನ್ನು ಕಂಡುಹಿಡಿದರು ಎಂದು ವಾಟ್ಸಾಪಿನಲ್ಲಿ ಬರುತ್ತಿರುತ್ತದೆ. ಅದು ಸ್ವಲ್ಪ ಅತಿಯಾಯಿತು. 1942ರಲ್ಲಿ ಆಕೆಯೂ ಸಂಗೀತಗಾರ ಜಾರ್ಜ್ ಆಂಥೈಲರೂ ಪೇಟೆಂಟ್ ಪಡೆದದ್ದು ನಿಜ. ಟಾರ್ಪೆಡೋಗೆ ಕಳಿಸುವ ರೇಡಿಯೋ ಸಂದೇಶ ಶತ್ರುವಿನ ಕೈಗೆ ಸಿಗದಂತೆ, ಪಿಯಾನೋದ ಮನೆಗಳಷ್ಟೇ ಅಂದರೆ 88 ತರಂಗಗಳ ನಡುವೆ ನೆಗೆಯುತ್ತ ಹೋಗಲಿ ಎಂಬುದು ಅವರ ಉಪಾಯ. ಬ್ಲೂಟೂತ್ ಸಹ 79 ದಾರಿಗಳ ನಡುವೆ ಸೆಕೆಂಡಿಗೆ 1600 ಸಲ ನೆಗೆಯುತ್ತದೆ. ವಿಚಾರ ಒಂದೇ ಜಾತಿಯದು, ಆದರೆ ಯಂತ್ರ ಮಾಡಿದವರು ಬೇರೆ. ಆಕೆಯ ಪಾಲಿನ ಹೆಸರು ಆಕೆಗೆ ಸಲ್ಲಲು ಇಷ್ಟು ನಿಜವೇ ಸಾಕು.

ನನಗೆ ಇಷ್ಟೆಲ್ಲ ಕಲಿಯುವ ಅಗತ್ಯ ಬಿದ್ದದ್ದು ಒಂದು ಕ್ಯಾಸೆಟ್ಟಿನಿಂದ. 1986ರಲ್ಲಿ ಧಾರವಾಡದ ಮನೆಯಲ್ಲಿ ಒಂದು ಮದುವೆ. ಹಸೆಗೆ ಕರೆಯುವಾಗ, ಆರತಿ ಎತ್ತುವಾಗ, ಉರುಟಣೆಯಲ್ಲಿ ಹಾಡಿದ ಹಾಡುಗಳನ್ನು ಮನೆಯ ಹುಡುಗನೊಬ್ಬ ಟೇಪ್ ರೆಕಾರ್ಡರ್ ಇಟ್ಟು ಹಿಡಿದಿದ್ದ. ಅರವತ್ತು ನಿಮಿಷದ ಕ್ಯಾಸೆಟ್. ಹಾಡಿದವರಲ್ಲಿ ಇಂದು ಉಳಿದವರು ನಮ್ಮ ಅತ್ತೆಯವರೊಬ್ಬರೇ. ಆ ಹಾಡುಗಳನ್ನು ಯಾರೂ ಬರೆದಿಟ್ಟಿಲ್ಲ, ಬೇರೆ ಕಡೆ ಅಚ್ಚಾಗಿಯೂ ಇಲ್ಲ. ಕ್ಯಾಸೆಟ್ಟಿನ ಪಟ್ಟಿ ಅಲ್ಲಲ್ಲಿ ಸುಕ್ಕಾಗಿತ್ತು, ಒಂದು ಕಡೆ ಅಂಟಿಕೊಂಡಿತ್ತು. ನೆರೆಮನೆಯವರ ಹಳೆಯ ಟೇಪ್ ರೆಕಾರ್ಡರನ್ನು ಎರಡು ದಿನಕ್ಕೆ ಕೇಳಿ ತಂದು, ಅದರ ತೂತಿನಿಂದ ಮಗನ ಹಳೆಯ ಡೆಸ್ಕ್‌ಟಾಪಿನ ತಿಳಿ ನೀಲಿ ತೂತಿಗೆ ತಂತಿ ಹಾಕಿ, ಅರವತ್ತು ನಿಮಿಷ ಉಸಿರು ಬಿಗಿಹಿಡಿದು ಕುಳಿತೆ. ಕ್ಯಾಸೆಟ್ಟನ್ನು ಬೇಗ ಇಳಿಸುವ ಒಳದಾರಿ ಇಲ್ಲ. ಅದು ಹಾಡಿದಷ್ಟೂ ಹೊತ್ತು ನಾವು ಕುಳಿತಿರಬೇಕು.

ಲ್ಯಾಪ್‌ಟಾಪಿನಲ್ಲಿ ಹಾಕಿ ಕೇಳಿಸಿದಾಗ ಅತ್ತೆಯವರು ನಾಲ್ಕು ದನಿಗಳನ್ನು ಗುರುತಿಸಿದರು. ಉಳಿದವೆಲ್ಲ ಕಲಸಿಹೋಗಿವೆ ಎಂದರು. ಲ್ಯಾಪ್‌ಟಾಪಿನ ಸ್ಪೀಕರ್ ಉಗುರಿನಷ್ಟು. ಅದಕ್ಕೆ ತಗ್ಗಿನ ಸ್ವರ ಹೊರಡಿಸಲು ಆಗುವುದೇ ಇಲ್ಲ. ಕೆಂಪು ಬೆಳಕಿನ ತಂತಿ ಹಾಕಿ, ಸಬ್‌ವೂಫರನ್ನು ಅರ್ಧಕ್ಕೆ ಇಳಿಸಿ, ಮುಂದಿನ ಎರಡು ಸ್ಪೀಕರಿನಲ್ಲಿ ಮತ್ತೆ ಹಾಕಿದೆ. ಅತ್ತೆಯವರು ಕೈ ಎತ್ತಿ ನಿಲ್ಲಿಸಲು ಹೇಳಿದರು. ಹಿಂದಕ್ಕೆ ಹೋಗಿ ಮತ್ತೆ ಹಾಕಿದೆ. ಐದನೆಯ ದನಿ ಪಕ್ಕದ ಓಣಿಯ ಅಕ್ಕ ಒಬ್ಬರದು. ಎಲ್ಲರಿಗಿಂತ ಕೆಳಗೆ, ಪಲ್ಲವಿಯ ಕೊನೆಯಲ್ಲಿ ಮಾತ್ರ ಸೇರುತ್ತಿದ್ದ ಆರನೆಯ ದನಿಯನ್ನು ಮೂರು ಸಲ ಕೇಳಿದರು.

"ಅವ್ವನ್ದು" ಎಂದರು. "ಆಗ ಅಕಿಗೆ ದಮ್ಮು ಹತ್ತತಿತ್ತು. ಪೂರಾ ಹಾಡಲಿಕ್ಕೆ ಆಗತಿದ್ದಿಲ್ಲ."

ಆರೂ ಹೆಸರುಗಳನ್ನು ಅವರು ಹೇಳಿದಂತೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ, ಯಾವ ಹಾಡಿಗೆ ಯಾರು ಮೊದಲು ಎತ್ತಿದರು ಎಂಬುದನ್ನೂ. ಹದಿಮೂರು ಹಾಡುಗಳಾದವು. ಒಂಬತ್ತಕ್ಕೆ ಪೂರ್ತಿ ಸಾಹಿತ್ಯ ಸಿಕ್ಕಿದೆ, ನಾಲ್ಕರಲ್ಲಿ ನಡುವೆ ಪಾತ್ರೆಯ ಸದ್ದು ಬಂದು ಕೆಲವು ಸಾಲು ಹೋಗಿವೆ. ಆ ಸಾಲುಗಳಿಗಾಗಿ ಈಗ ದಿನಾ ಮಧ್ಯಾಹ್ನ ಊಟವಾದ ಮೇಲೆ ಅತ್ತೆಯವರು ರಿಮೋಟ್ ಹಿಡಿದು ಕೂಡುತ್ತಾರೆ.