ಗಾಜಿನ ತೊಟ್ಟಿಗೆ ಬಂದ ಬೆಟ್ಟ

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗುವವರು ರಾಮನಗರ ಸಮೀಪಿಸುತ್ತಿದ್ದಂತೆ ಕಿಟಕಿಯ ಕಡೆಗೆ ತಿರುಗುವುದುಂಟು. ಯಾರೋ ಒಂದರ ಮೇಲೊಂದು ಇಟ್ಟು ಹೋದಂತೆ ಕುಳಿತಿರುವ ಆ ಹೆಬ್ಬಂಡೆಗಳನ್ನು ಕಂಡು ಹಲವರಿಗೆ 1975ರ ‘ಶೋಲೆ’ ಚಿತ್ರ ನೆನಪಾಗುತ್ತದೆ. ಮನೆಯಲ್ಲಿ ಮೀನು ಸಾಕುವವರ ಆಸೆಯೇ ಬೇರೆ: ಇಂಥದೇ ಒಂದು ಪುಟ್ಟ ಬೆಟ್ಟ ನಮ್ಮ ಗಾಜಿನ ತೊಟ್ಟಿಯೊಳಗೂ ಇದ್ದರೆ! ಅಂಗಡಿಯಲ್ಲಿ ಮಾರುವ ಬಣ್ಣ ಬಳಿದ ಹರಳು, ಪ್ಲಾಸ್ಟಿಕ್ಕಿನ ಕೋಟೆ ಇವೆಲ್ಲ ಅದರ ಮುಂದೆ ಏನು? (ಬಣ್ಣವೇ ಬೇಕೆನ್ನುವವರಿಗೆ ಚನ್ನಪಟ್ಟಣದ ಗೊಂಬೆಯಿದೆ, ಆದರೆ ಅರಗಿನ ಗೊಂಬೆ ನೀರಿಗೆ ಇಳಿಯತಕ್ಕದ್ದಲ್ಲ.) ಭಾನುವಾರ ಮಾಗಡಿಗೋ ಕನಕಪುರಕ್ಕೋ ಹೋದವರ ಕೈಚೀಲ ಬರುವಾಗ ಭಾರವಾಗಿದ್ದರೆ ಕಾರಣ ಊಹಿಸಬಹುದು. ಈ ಆಸೆಗೆ ಒಂದು ಚರಿತ್ರೆಯಿದೆ. ಅದು ಪೂರ್ತಿ ನಿರಪಾಯವಾದ ಚರಿತ್ರೆಯೇನೂ ಅಲ್ಲ.

ಮೀನಿನ ವಿನೋದ ಕನ್ನಡನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಪ್ರಕರಣ ಮೀಸಲಾಗಿದೆ. ಮೀನಿನ ಜಾತಿಗಳನ್ನೂ ಅವಕ್ಕೆ ಹಾಕಬೇಕಾದ ಮೇವನ್ನೂ ಅರಸ ವಿವರವಾಗಿಯೇ ಹೇಳುತ್ತಾನೆ. ಆದರೆ ಅದು ಗಾಳದ ವಿನೋದ. ಮೀನು ಕೊನೆಗೆ ದಡಕ್ಕೆ ಬರಲೇಬೇಕು. ಮೀನನ್ನು ನೀರಿನಲ್ಲೇ ಬಿಟ್ಟು ಪಕ್ಕದಿಂದ ನೋಡುವ ಸುಖ ಜನಸಾಮಾನ್ಯರಿಗೆ ದೊರೆತದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಗಾಜು ಅಗ್ಗವಾದ ಮೇಲೆ. ಇಂಗ್ಲೆಂಡಿನಲ್ಲಿ ಗಾಜಿನ ಮೇಲಣ ಸುಂಕ ರದ್ದಾದದ್ದು 1845ರಲ್ಲಿ.

ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ ಎಂಬಾತ 1850ರಲ್ಲಿ ಅಲ್ಲಿನ ರಸಾಯನ ಸಂಘದ ಮುಂದೆ ಒಂದು ಪ್ರಯೋಗವನ್ನು ವಿವರಿಸಿದ. ಹನ್ನೆರಡು ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆ. ಅದರಲ್ಲಿ ಎರಡು ಹೊಂಬಣ್ಣದ ಮೀನು, ಒಂದು ಜಲಸಸ್ಯ. ಮೀನು ಬಿಟ್ಟ ಉಸಿರು ಗಿಡಕ್ಕೆ, ಗಿಡ ಬಿಟ್ಟ ಆಮ್ಲಜನಕ ಮೀನಿಗೆ. ಗಿಡದ ಎಲೆ ಕೊಳೆತು ನೀರು ಕೆಡತೊಡಗಿದಾಗ ಅದನ್ನು ತಿಂದುಹಾಕಲು ಬಸವನಹುಳುಗಳನ್ನು ಬಿಟ್ಟ. ವಿಜ್ಞಾನದ ಪುಸ್ತಕಗಳು ನೆನೆಯುವುದು ಇಷ್ಟನ್ನೇ. ನಮಗೆ ಬೇಕಾದ ಸಂಗತಿ ಇನ್ನೊಂದಿದೆ. ಪಾತ್ರೆಯ ತಳದಲ್ಲಿ ಆತ ಮರಳು, ಕೆಸರುಗಳ ಜೊತೆಗೆ ಮ್ಯಾಟ್‌ಲಾಕ್ ಎಂಬ ಊರಿನ ಆಸುಪಾಸಿನಿಂದ ತಂದ ಸುಣ್ಣದ ಕಲ್ಲನ್ನೂ ಮರಳುಗಲ್ಲನ್ನೂ ಇಟ್ಟಿದ್ದ. ಮೀನು ಬೇಕೆಂದಾಗ ನುಸುಳಿ ಮರೆಯಾಗುವಂತೆ ಅವನ್ನು ಜೋಡಿಸಿದ್ದ. ಅಂದರೆ, ಬಯಲ ಕಲ್ಲು ಮನೆಯ ತೊಟ್ಟಿಗೆ ಬಂದದ್ದು ಮೊದಲು ಅಲಂಕಾರವಾಗಿ ಅಲ್ಲ, ಮೀನಿನ ಮನೆಯಾಗಿ.

ನಾಲ್ಕೇ ವರ್ಷದಲ್ಲಿ, 1854ರಲ್ಲಿ, ಫಿಲಿಪ್ ಹೆನ್ರಿ ಗಾಸ್ ‘ದಿ ಅಕ್ವೇರಿಯಂ’ ಎಂಬ ಪುಸ್ತಕ ಬರೆದ. ಗಾಸ್ ಸಜ್ಜನ, ದೈವಭಕ್ತ, ಕಡಲಂಚಿನ ಬಂಡೆಗುಂಡಿಗಳ ಜೀವರಾಶಿಯನ್ನು ಪ್ರೀತಿಯಿಂದ ಕಂಡವನು. ಪುಸ್ತಕ ಓದಿದ ಮಧ್ಯಮವರ್ಗದ ಸಂಸಾರಗಳು ರೈಲು ಹತ್ತಿ, ಬುಟ್ಟಿ, ಸುತ್ತಿಗೆ, ಉಳಿ ಹಿಡಿದು ಕಡಲತೀರಕ್ಕೆ ಇಳಿದವು. ಪ್ರತಿಯೊಬ್ಬರೂ ಒಯ್ದದ್ದು ಒಂದೊಂದೇ ಬುಟ್ಟಿ. ಆದರೆ ಗಾಸನ ಮಗ ಎಡ್ಮಂಡ್ 1907ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ, ತಾನು ಬಾಲ್ಯದಲ್ಲಿ ಕಂಡ ಆ ಬಂಡೆಗುಂಡಿಗಳು ಸೂರೆಯಾಗಿ ಬರಿದಾದುದನ್ನೂ ತನ್ನ ತಂದೆಯ ಪುಸ್ತಕಗಳೇ ಅದಕ್ಕೆ ದಾರಿಮಾಡಿದ್ದನ್ನೂ ನೋವಿನಿಂದ ಹೇಳಿಕೊಂಡಿದ್ದಾನೆ.

ಈಗ ನಮ್ಮ ಕಲ್ಲಿಗೆ ಬರೋಣ. 1800ರಲ್ಲಿ ದಿವಾನ್ ಪೂರ್ಣಯ್ಯನವರು ಕಟ್ಟಿಸಿದ ಪೇಟೆಗೆ ಮೈಸೂರಿನ ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿಟ್ಟು ಕ್ಲೋಸ್‌ಪೇಟೆ ಎಂದರು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ 1894ರಲ್ಲಿ ಆರಂಭವಾಯಿತು. ಅದರ ವಿಜ್ಞಾನಿಗಳು ಇಲ್ಲಿನ ಕಲ್ಲಿಗೆ ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದು ಹೆಸರಿಟ್ಟರು. ಊರು ಮುಂದೆ ರಾಮನಗರವಾಯಿತು. ಪೇಟೆ ಬಿಟ್ಟುಕೊಟ್ಟ ಹೆಸರನ್ನು ಕಲ್ಲು ಬಿಡಲಿಲ್ಲ. ಲೋಕದ ಭೂವಿಜ್ಞಾನಿಗಳೆಲ್ಲ ಇವತ್ತಿಗೂ ಅದನ್ನು ಹಾಗೆಯೇ ಕರೆಯುತ್ತಾರೆ. ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರ್ ಚಾಚಿರುವ ಈ ಶಿಲಾಪಟ್ಟಿಯ ವಯಸ್ಸು ಸುಮಾರು 250 ಕೋಟಿ ವರ್ಷ. ಮಾಗಡಿಯ ಸಾವನದುರ್ಗವೂ ಇದರದೇ ತುಂಡು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಆ ಕೋಟೆಯನ್ನು ಹಿಡಿಯಿತು; ಬಂಡೆಯ ಆಯುಸ್ಸಿಗೆ ಹೋಲಿಸಿದರೆ ಅದು ನಿನ್ನೆಯ ಸಂಜೆಯ ಮಾತು.

ಮೀನಿಗೆ ಈ ಕಲ್ಲು ಒಗ್ಗುತ್ತದೆ. ಬೆಣಚು ಮತ್ತು ನಸುಗೆಂಪು, ಬೂದು ಬಣ್ಣದ ಫೆಲ್ಡ್‌ಸ್ಪಾರ್ ಹರಳುಗಳಿಂದಾದ ಗ್ರಾನೈಟು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ನೀರಿನ ಗುಣ ಕೆಡಿಸುವುದಿಲ್ಲ. ಆದರೆ ನಮ್ಮ ಹೊಲಗಳಲ್ಲಿ ಸಿಗುವ ಬಿಳಿಯ ಸುಣ್ಣದ ಹರಳು ಹಾಗಲ್ಲ. ಅದರ ಮೇಲೆ ಒಂದು ತೊಟ್ಟು ವಿನಿಗರ್ ಬಿಟ್ಟರೆ ಗುಳ್ಳೆ ಏಳುತ್ತದೆ. ತೊಟ್ಟಿಯಲ್ಲಿಟ್ಟರೆ ನೀರು ದಿನೇ ದಿನೇ ಗಡಸಾಗುತ್ತದೆ. ವಾರಿಂಗ್‌ಟನ್ನನ ಹೊಂಬಣ್ಣದ ಮೀನು ಅದನ್ನು ಸಹಿಸಿಕೊಂಡಿತು. ಮೆದುನೀರಿನ ಮೀನುಗಳು ಸಹಿಸಲಾರವು. ತುಕ್ಕಿನ ಗೆರೆಯಿರುವ ಕಲ್ಲೂ ಬೇಡ. ಅರ್ಕಾವತಿಯ ನುಣುಪು ಕಲ್ಲು ಎಷ್ಟೇ ಚೆನ್ನಾಗಿದ್ದರೂ, ಬೆಂಗಳೂರಿನ ಕೊಚ್ಚೆಯನ್ನು ಹೊತ್ತು ತರುವ ವೃಷಭಾವತಿ ಕೂಡಿದ ಮೇಲಣ ಹರಿವಿನಿಂದ ಆರಿಸಿದ ಕಲ್ಲನ್ನು ಮೀನಿನ ಬಳಿಗೆ ಒಯ್ಯಬಾರದು. ತಂದ ಕಲ್ಲನ್ನು ಸಾಬೂನು ಸೋಕಿಸದೆ ಉಜ್ಜಿ ತೊಳೆಯಬೇಕು. ಒಲೆಯ ಮೇಲಿಟ್ಟು ಕುದಿಸುವುದು ಅಪಾಯ. ಬಿರುಕಿನಲ್ಲಿ ಸಿಕ್ಕ ನೀರು ಉಗಿಯಾಗಿ ಕಲ್ಲು ಸಿಡಿಯಬಹುದು.

ಇಷ್ಟೆಲ್ಲ ಸರಿ, ಆದರೆ ಕಲ್ಲು ಯಾರದು? ಒಂದು ಬೊಗಸೆ ಕಲ್ಲಿಗೆ ಬೆಟ್ಟ ಕರಗುವುದೇ ಎನ್ನುವವರಿದ್ದಾರೆ. ಪಕ್ಕದಲ್ಲೇ ಗಣಿಯವರು ಲಾರಿಗಟ್ಟಲೆ ಸಾಗಿಸುವಾಗ ಈ ಲೆಕ್ಕ ಯಾಕೆ ಎಂದೂ ಕೇಳುತ್ತಾರೆ. ಮಾತಿನಲ್ಲಿ ಅರ್ಧ ನ್ಯಾಯವಿದೆ. ಬೆಟ್ಟವನ್ನು ತಿನ್ನುತ್ತಿರುವುದು ಕೈಚೀಲವಲ್ಲ, ಸಿಡಿಮದ್ದು. ಆದರೂ ಗಾಸನ ಓದುಗರ ಬುಟ್ಟಿಗಳನ್ನು ಮರೆಯುವಂತಿಲ್ಲ. ಬಿಡಿ ಕಲ್ಲಿನ ಅಡಿಯಲ್ಲಿ ಚೇಳಿದೆ, ಹಲ್ಲಿಯಿದೆ, ಒಂದು ಅಂಗೈಯಷ್ಟು ತಂಪಿದೆ. 1963ರ ಕರ್ನಾಟಕ ಅರಣ್ಯ ಕಾಯಿದೆಯಲ್ಲಿ ಕಾಡಿನ ಸೊಪ್ಪು, ಸೌದೆಗಳಂತೆ ಕಾಡಿನ ಕಲ್ಲೂ ‘ಅರಣ್ಯ ಉತ್ಪನ್ನ’ವೇ. ಭಾಷೆಯ ಮೇಷ್ಟರಾದ ನನಗೆ ಈ ಪದಪ್ರಯೋಗ ಹಿಡಿಸಿತು: ಕಲ್ಲೂ ಕಾಡಿನಲ್ಲಿ ಬೆಳೆದದ್ದು ಎಂಬಂತಿದೆ. ರಾಮದೇವರ ಬೆಟ್ಟದಲ್ಲಂತೂ 2012ರಿಂದ ರಣಹದ್ದುಗಳ ವನ್ಯಧಾಮವಿದೆ. ಉದ್ದಕೊಕ್ಕಿನ ರಣಹದ್ದು ಗೂಡು ಕಟ್ಟುವುದು ಕಡಿದಾದ ಬಂಡೆಯ ಗೋಡೆಯಲ್ಲಿ. ಅಂಥ ಗೋಡೆಯನ್ನು ಮತ್ತೆ ಕಟ್ಟಿಕೊಡುವ ಮೇಸ್ತ್ರಿ ಇಲ್ಲ.

ಮೀನಿನ ತೊಟ್ಟಿಗೆ ಬೇಕಾದ ನಾಲ್ಕು ಕಲ್ಲಿಗಾಗಿ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಬೆಂಗಳೂರು ನಿಂತಿರುವುದೇ ಇನ್ನೂ ಹಳೆಯ ಬಂಡೆಯ ಮೇಲೆ. ಅದರ ತಲೆ ಲಾಲ್‌ಬಾಗಿನ ಗುಡ್ಡದಲ್ಲಿ ಹೊರಗೆ ಕಾಣುತ್ತದೆ. ಮನೆಗೆ ಪಾಯ ತೋಡಿದ ಕಡೆಯಲ್ಲೆಲ್ಲ ಅದೇ ಕಲ್ಲಿನ ಚೂರು ರಾಶಿ ಬಿದ್ದಿರುತ್ತದೆ. ಮೇಸ್ತ್ರಿಯನ್ನು ಕೇಳಿ ತಂದು, ಸಿಮೆಂಟು ಹತ್ತಿರದ, ಅಂಚು ಹರಿತವಲ್ಲದ ನಾಲ್ಕನ್ನು ಆರಿಸಿಕೊಂಡು, ಮರಳು ಹರಡುವ ಮೊದಲೇ ತಳದಲ್ಲಿ ಅಲುಗಾಡದಂತೆ ಕೂರಿಸಿದರಾಯಿತು. ಮೀನು ನುಸುಳುವಷ್ಟು ಸಂದು ಬಿಟ್ಟಿರಬೇಕು.