ದಮ್ಮಿನ ಹಿಂದಿನ ಉರಿಯೂತ: ಗಿನಿಯಿಲಿಯಿಂದ ಚುಂಡಿಲಿಯವರೆಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ - 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಈ ತಾಲ್ಲೂಕುಗಳು ಬಹುಪಾಲು ಮಳೆಯನ್ನೇ ನಂಬಿದ ಸೀಮೆ. ಜೋಳ, ಶೇಂಗಾ, ಮೆಕ್ಕೆಜೋಳದ ಒಕ್ಕಲಿನಲ್ಲಿ ಹೊಟ್ಟು, ಧೂಳು ಏಳುತ್ತವೆ. ಮಳೆ ಬಿದ್ದರೆ ರಸ್ತೆಬದಿಯಲ್ಲಿ, ಬೀಳುಹೊಲಗಳಲ್ಲಿ ಕಾಂಗ್ರೆಸ್ ಕಸ ಹೂಬಿಡುತ್ತದೆ. ಅದೇ ಗಾಳಿಯನ್ನು ಉಸಿರಾಡಿದ ಇಬ್ಬರಲ್ಲಿ ಒಬ್ಬರಿಗೆ ಏನೂ ಆಗದು. ಇನ್ನೊಬ್ಬರಿಗೆ ರಾತ್ರಿಯಿಡೀ ದಮ್ಮು. ಏಕೆ ಹೀಗೆ? ಉತ್ತರ ಹುಡುಕಲು ವಿಜ್ಞಾನಿಗಳು ಪ್ರಾಣಿಗಳ ಮೊರೆಹೋದರು.

ಸೆಳೆತದ ಪಾಠ

1902ರಲ್ಲಿ ಫ್ರಾನ್ಸಿನ ಪೋರ್ತ್ಯೇ ಮತ್ತು ರಿಶೇ ನಾಯಿಗಳಿಗೆ ಕಡಲಜೀವಿಯೊಂದರ ವಿಷ ಚುಚ್ಚಿದರು. ಮೊದಲ ಬಾರಿ ಬದುಕುಳಿದ ನಾಯಿ ಕೆಲವು ವಾರಗಳ ನಂತರ ಅಲ್ಪ ಪ್ರಮಾಣಕ್ಕೇ ಸತ್ತಿತು. ರಕ್ಷಿಸಬೇಕಾದ ವ್ಯವಸ್ಥೆಯೇ ಹಗೆಯಾಗಬಲ್ಲದೆಂದು ತಿಳಿಯಿತು. ಈ ಕೆಲಸಕ್ಕಾಗಿ ರಿಶೇಗೆ 1913ರಲ್ಲಿ ನೊಬೆಲ್ ಬಹುಮಾನ ಸಂದಿತು.

ಇದೇ ಪ್ರಯೋಗವನ್ನು ಗಿನಿಯಿಲಿಗಳಲ್ಲಿ ನಡೆಸಿದ ಔಯರ್ ಮತ್ತು ಲೂಯಿಸ್ 1910ರಲ್ಲಿ ಒಂದು ಅಂಶವನ್ನು ಖಚಿತಪಡಿಸಿದರು. ಸತ್ತ ಗಿನಿಯಿಲಿಯ ಪುಪ್ಪುಸ ಗಾಳಿ ತುಂಬಿ ಉಬ್ಬಿರುತ್ತಿತ್ತು. ಶ್ವಾಸನಾಳಗಳ ಸ್ನಾಯು ಬಿಗಿದು, ಒಳಹೋದ ಗಾಳಿ ಹೊರಬಾರದೆ ಉಳಿದಿತ್ತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಡೇಲ್ ಮತ್ತು ಲೇಡ್‌ಲಾ, ಹಿಸ್ಟಮಿನ್ ಕೂಡ ಇಂಥದೇ ಬಿಗಿತ ತರುತ್ತದೆಂದು ತೋರಿಸಿದರು.

ಇವೆಲ್ಲ ಚುಚ್ಚುಮದ್ದಿನ ಪ್ರಯೋಗಗಳು. ಮನುಷ್ಯನಿಗೆ ದಮ್ಮು ಬರುವುದು ಉಸಿರಿನ ಮೂಲಕ. 1927ರಲ್ಲಿ ಅಮೆರಿಕದ ಬ್ರೆಟ್ ರ್‍ಯಾಟ್ನರ್ ಮತ್ತು ಸಂಗಡಿಗರು ಗಿನಿಯಿಲಿಗಳಿಗೆ ಕುದುರೆಯ ಮೈಹೊಟ್ಟಿನ ಒಣಪುಡಿಯನ್ನು ಉಸಿರಾಡಿಸಿದರು. ಮೊದಲು ಅಲರ್ಜಿ ಬೆಳೆಯಿತು. ಬಳಿಕ ಅದೇ ಪುಡಿಯಿಂದ ದಮ್ಮು ಕಾಣಿಸಿಕೊಂಡಿತು. ಬರೀ ಧೂಳೇ ಸಾಕೆಂದು ಸಾಬೀತಾಯಿತು.

ಕಾಂಗ್ರೆಸ್ ಕಸದ ಪರಾಗ

ಅಲರ್ಜಿಗೆ ಕಾರಣವಾದ ಪ್ರತಿಕಾಯ ಐಜಿಇ ಎಂಬುದನ್ನು 1966ರಲ್ಲಿ ಇಶಿಜಾಕಾ ದಂಪತಿಗಳು ಗುರುತಿಸಿದರು. ಅದು ಮಾಸ್ಟ್ ಕೋಶಗಳ ಮೇಲೆ ಕುಳಿತಿರುತ್ತದೆ. ಪರಿಚಿತ ಪರಾಗ ಬಂದು ತಗುಲಿದೊಡನೆ ಆ ಕೋಶಗಳು ಹಿಸ್ಟಮಿನ್ ಮುಂತಾದವುಗಳನ್ನು ಸುರಿಸುತ್ತವೆ.

ನಮ್ಮಲ್ಲಿ ಈ ಕಥೆಗೆ ಸೇರುವುದು ಪಾರ್ಥೀನಿಯಂ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಈ ಕಳೆ ಕರ್ನಾಟಕವನ್ನೆಲ್ಲ ಹಬ್ಬಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾವ್ ಮತ್ತು ಸಂಗಡಿಗರು ಇದರ ಪರಾಗ ಮೂಗಿನ ಅಲರ್ಜಿಗೆ ಕಾರಣವೆಂದು 1991ರಲ್ಲಿ ವರದಿ ಮಾಡಿದರು. ಪರಾಗದಲ್ಲಿನ ಮುಖ್ಯ ಅಲರ್ಜಿಕಾರಕ ಹೈಡ್ರಾಕ್ಸಿಪ್ರೋಲಿನ್ ಹೇರಳವಾಗಿರುವ ಒಂದು ಗ್ಲೈಕೊಪ್ರೋಟೀನ್ ಎಂದು 1996ರಲ್ಲಿ ತೋರಿಸಿದರು.

ಉರಿಯೂತದ ಪಾಠ

ಸೆಳೆತ ನಿಮಿಷಗಳಲ್ಲಿ ಆರಂಭವಾಗುತ್ತದೆ. ಆದರೆ ಧೂಳು ತೆರವಾದ ಮೇಲೂ ಗಂಟೆಗಳ ನಂತರ ಮತ್ತೆ ದಮ್ಮು ಬರುವುದೇಕೆ? ಇದಕ್ಕೆ ಚುಂಡಿಲಿ ನೆರವಾಯಿತು. ಕೋಳಿಮೊಟ್ಟೆಯ ಬಿಳಿಯಲ್ಲಿರುವ ಓವಾಲ್ಬುಮಿನ್ ಪ್ರೋಟೀನನ್ನು ಮೊದಲು ಚುಂಡಿಲಿಯ ಹೊಟ್ಟೆಗೆ ಚುಚ್ಚಿ, ಅನಂತರ ಅದನ್ನೇ ತುಂತುರಾಗಿ ಉಸಿರಾಡಿಸಲಾಗುತ್ತದೆ. ಆಗ ಟಿ ಕೋಶಗಳು ಇಂಟರ್‌ಲ್ಯೂಕಿನ್ 4, 5, 13 ಎಂಬ ಸಂದೇಶಕಗಳನ್ನು ಬಿಡುಗಡೆ ಮಾಡುತ್ತವೆ. ಈಸಿನೊಫಿಲ್ ಎಂಬ ಬಿಳಿರಕ್ತಕಣಗಳು ಶ್ವಾಸನಾಳದ ಗೋಡೆಗೆ ನುಗ್ಗುತ್ತವೆ, ಲೋಳೆ ಹೆಚ್ಚುತ್ತದೆ, ನಾಳ ಸಣ್ಣ ಕೆರಳಿಕೆಗೂ ಬಿಗಿಯುತ್ತದೆ. 1996ರಲ್ಲಿ ಆಸ್ಟ್ರೇಲಿಯದ ಪಾಲ್ ಫಾಸ್ಟರ್ ತಂಡ ಇಂಟರ್‌ಲ್ಯೂಕಿನ್-5 ಇಲ್ಲದ ಚುಂಡಿಲಿಗಳಲ್ಲಿ ಈ ಹಾವಳಿ ತಗ್ಗುವುದನ್ನು ಕಂಡಿತು.

ಹಾಗಾದರೆ ಇಂಟರ್‌ಲ್ಯೂಕಿನ್-5 ತಡೆದರೆ ರೋಗಿ ಗುಣವಾಗಬೇಕಲ್ಲವೇ? 2000ದಲ್ಲಿ ಪ್ರಕಟವಾದ ಮಾನವ ಪ್ರಯೋಗ ನಿರಾಸೆ ತಂದಿತು: ಈಸಿನೊಫಿಲ್‌ಗಳು ಕಡಿಮೆಯಾದವು, ದಮ್ಮು ತಗ್ಗಲಿಲ್ಲ. 2009ರಲ್ಲಿ, ಈಸಿನೊಫಿಲ್ ಹೆಚ್ಚಿರುವ ತೀವ್ರ ರೋಗಿಗಳನ್ನೇ ಆರಿಸಿ ಕೊಟ್ಟಾಗ ಉಲ್ಬಣಗಳು ಕಡಿಮೆಯಾದವು. 2015ರಲ್ಲಿ ಮೆಪೊಲಿಜುಮಾಬ್ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಚುಂಡಿಲಿಗೆ ತಾನಾಗಿ ಅಸ್ತಮಾ ಬರುವುದಿಲ್ಲ. ಮನುಷ್ಯರ ಅಸ್ತಮಾ ಒಂದೇ ಬಗೆಯದೂ ಅಲ್ಲ. ಪ್ರಾಣಿ ದಾರಿ ತೋರಿಸಬಲ್ಲದು, ಆ ದಾರಿ ಯಾರಿಗೆ ಸರಿ ಎಂಬುದನ್ನು ಮನುಷ್ಯರಲ್ಲೇ ಪರೀಕ್ಷಿಸಬೇಕು.

ನಮಗೇನು?

ಗಿನಿಯಿಲಿ ಕಲಿಸಿದ್ದು ಸೆಳೆತ, ಚುಂಡಿಲಿ ಕಲಿಸಿದ್ದು ಉರಿಯೂತ. ಸೆಳೆತ ಬಿಡಿಸುವ ಇನ್‌ಹೇಲರ್ ಎಳೆದಾಗ ದಮ್ಮು ನಿಲ್ಲಬಹುದು. ಒಳಗಿನ ಉರಿಯೂತ ಉಳಿದೇ ಇರುತ್ತದೆ. ಆದ್ದರಿಂದಲೇ 2019ರಲ್ಲಿ ಅಂತರರಾಷ್ಟ್ರೀಯ ಅಸ್ತಮಾ ಮಾರ್ಗಸೂಚಿ ಹದಿಹರೆಯದವರಿಗೂ ವಯಸ್ಕರಿಗೂ ಸೆಳೆತದ ಔಷಧವೊಂದನ್ನೇ ನೆಚ್ಚಬಾರದು, ಉಸಿರಾಡುವ ಸ್ಟೀರಾಯ್ಡ್ ಜೊತೆಗಿರಬೇಕು ಎಂದಿತು. ತರಗತಿಯಲ್ಲಿ ಮಗುವೊಂದು ಏದುಸಿರು ಬಿಟ್ಟು ಸುಧಾರಿಸಿಕೊಂಡರೆ ಅಲ್ಲಿಗೇ ಬಿಡದೆ ವೈದ್ಯರಲ್ಲಿಗೆ ಕಳುಹಿಸುವ ಶಿಕ್ಷಕರು ನೂರು ವರ್ಷಗಳ ಈ ಪ್ರಯೋಗಗಳ ಸಾರವನ್ನು ತಿಳಿದವರೇ ಸರಿ.